ಕಡಲ ತಡಿಯ ವಿದ್ಯಾಪೀಠವೂ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೂ

ನಮ್ಮ ಗಡಿಸೀಮೆಯ ಮನೆಗಳಲ್ಲಿ ಮಗನೋ ಮಗಳೋ ಬಿ.ಎ. ತೇರ್ಗಡೆಯಾದೊಡನೆ ಏಳುವ ಮೊದಲ ಪ್ರಶ್ನೆ ಮುಂದೆ ಏನನ್ನು ಓದಬೇಕೆಂಬುದಲ್ಲ. ಯಾವ ದಿಕ್ಕಿಗೆ ಹೋಗಿ ಓದಬೇಕೆಂಬುದು. ಜಿಲ್ಲೆಯ ಕಚೇರಿ ಒಂದು ಕಡೆ, ನೆಂಟರಿಷ್ಟರು ಇನ್ನೊಂದು ಕಡೆ, ಮನೆಯ ಮಾತಿನ ನಾಡು ಮತ್ತೊಂದು ಕಡೆ ಇರುವ ನಮಗೆ ವಿಶ್ವವಿದ್ಯಾನಿಲಯವೆಂಬುದು ಯಾವಾಗಲೂ ರೈಲಿನ ಕೊನೆಯ ನಿಲ್ದಾಣದಲ್ಲಿರುವ ವಸ್ತು. ಈ ದೂರದ ಪ್ರಶ್ನೆ ನೂರು ವರ್ಷಗಳ ಹಿಂದೆಯೂ ಇದ್ದಿತು. ಅದರ ನಡುವೆ ಸಿಲುಕಿ, ವಂಗಸಮುದ್ರದ ದಡದ ಕೆಂಪು ದಿಬ್ಬವೊಂದರ ಮೇಲೆ ಒಂದು ವಿದ್ಯಾಪೀಠವನ್ನು ನೆಲೆನಿಲ್ಲಿಸಿದ ಮಹನೀಯರು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು. ಅವರು ತೆಲುಗರು, ಆದರೆ ಅವರ ಬಾಳಿನ ತುಂಬು ಯೌವನದ ಹನ್ನೆರಡು ವರ್ಷಗಳು ಸಂದುದು ಮೈಸೂರಿನಲ್ಲಿ. ತೆಲುಗು ಕನ್ನಡಗಳೆರಡೂ ಒಂದೇ ಬೀದಿಯಲ್ಲಿ ಕೇಳಿಬರುವ ಊರುಗಳ ನಾವು ಅವರ ಚರಿತ್ರೆಯನ್ನು ನಮ್ಮ ಸಂಚಿಕೆಯಲ್ಲಿ ಬರೆಯದೆ ಇನ್ನಾರು ಬರೆಯಬೇಕು?

ರೆಡ್ಡಿಯವರು ಜನಿಸಿದುದು 1880ರ ಡಿಸೆಂಬರ್ 10ರಂದು, ನಮ್ಮ ಕೋಲಾರ ಸೀಮೆಗೆ ನೆರೆಯಾದ ಚಿತ್ತೂರಿನ ಮಗ್ಗುಲ ಕಟ್ಟಮಂಚಿಯಲ್ಲಿ. ಊರಿನ ಹೆಸರೇ ಅವರ ಮನೆತನದ ಹೆಸರು. ಚಿತ್ತೂರಿನಲ್ಲಿ ಆರಂಭದ ಓದನ್ನು ಮುಗಿಸಿ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಇನ್ನೂ ವಿದ್ಯಾರ್ಥಿಯಾಗಿರುವಾಗಲೇ ತೆಲುಗಿನಲ್ಲಿ ‘ಮುಸಲಮ್ಮ ಮರಣಮು’ ಎಂಬ ಕಾವ್ಯವನ್ನು ರಚಿಸಿದರು. ಈ ಕಾವ್ಯದ ಕಥೆಯನ್ನು ಕೇಳಿದ ಕನ್ನಡಿಗನಾರೂ ಒಂದು ಕ್ಷಣ ಬೆರಗಾಗದೆ ಇರಲಾರನು. ಅನಂತಪುರಕ್ಕೆ ಹೊಂದಿಕೊಂಡಿರುವ ಬುಕ್ಕರಾಯಸಮುದ್ರದ ಕೆರೆ ತುಂಬಿ ಒಡೆಯುವಂತಾಗಿದೆ. ಊರು ಉಳಿಯಬೇಕಾದರೆ ಬಸಿರೆಡ್ಡಿಯ ಕಿರಿಯ ಸೊಸೆ ಬಲಿಯಾಗಬೇಕು. ಮುಸಲಮ್ಮನು ಮಗುವನ್ನೂ ಮನೆಯನ್ನೂ ಬಿಟ್ಟು ನೀರಿಗಿಳಿಯುತ್ತಾಳೆ. ನಮ್ಮ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ‘ಕೆರೆಗೆ ಹಾರ’ದ ಭಾಗೀರಥಿಗೂ ಈಕೆಗೂ ಒಡಹುಟ್ಟಿದವರ ಹೋಲಿಕೆಯಿದೆ. ಒಂದು ಕಥೆಯಲ್ಲಿ ಬತ್ತಿದ ಕೆರೆ, ಇನ್ನೊಂದರಲ್ಲಿ ಉಕ್ಕಿದ ಕೆರೆ. ಎರಡರಲ್ಲಿಯೂ ಮನೆಯ ಕಿರಿಯ ಸೊಸೆಯೇ ಆಹುತಿ. ಮಳೆಯನ್ನೇ ನಂಬಿದ ಈ ಬಯಲುಸೀಮೆ ಎರಡು ಭಾಷೆಗಳಲ್ಲಿ ಒಂದೇ ದುಃಖವನ್ನು ಹೇಳಿಕೊಂಡಿತೆಂದು ನಾವು ಭಾವಿಸುತ್ತೇವೆ. ರಾಜರ ಕಥೆಯನ್ನೂ ದೇವತೆಗಳ ಕಥೆಯನ್ನೂ ಬಿಟ್ಟು, ಹಳ್ಳಿಯ ರೈತನ ಮನೆಯ ಹೆಣ್ಣುಮಗಳನ್ನು ನಾಯಿಕೆಯಾಗಿ ಆರಿಸಿಕೊಂಡ ಈ ಚಿಕ್ಕ ಕಾವ್ಯವನ್ನು ತೆಲುಗಿನ ಹೊಸ ಕವಿತೆಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ.

ಓದಿನಲ್ಲಿ ತೋರಿದ ಪ್ರತಿಭೆಗಾಗಿ ಸರ್ಕಾರದ ವಿದ್ಯಾರ್ಥಿವೇತನ ದೊರೆತು, 1902ರಲ್ಲಿ ರೆಡ್ಡಿಯವರು ಇಂಗ್ಲೆಂಡಿಗೆ ಹಡಗು ಹತ್ತಿದರು. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು ಅವರನ್ನು ಬರಮಾಡಿಕೊಂಡಿತು. ಅದೇ ಕಾಲೇಜಿನಲ್ಲಿ ಓದಿ, 1899ರಲ್ಲಿ ಗಣಿತದಲ್ಲಿ ಸೀನಿಯರ್ ರ್‍ಯಾಂಗ್ಲರ್ ಎನಿಸಿಕೊಂಡ ಪರಾಂಜಪೆಯವರ ಕೀರ್ತಿ ಆಗಿನ್ನೂ ಹೊಸದಾಗಿತ್ತು. ಆದರೆ ಹೊರದೇಶದ ವಿದ್ಯಾರ್ಥಿಯ ಬಾಳು ಕೀರ್ತಿಯಿಂದ ನಡೆಯತಕ್ಕದ್ದಲ್ಲ. ಇಲ್ಲಿ ಪದವೀಧರನಾಗಿ ಹೋದವನು ಅಲ್ಲಿ ಮತ್ತೆ ಮೊದಲ ಮೆಟ್ಟಿಲಲ್ಲಿ ನಿಲ್ಲಬೇಕು. ಕತ್ತಲಾದ ಮೇಲೆ ಬೀದಿಗೆ ಬಂದರೆ ಮೈಮೇಲೆ ಗೌನು ಇರಬೇಕು. ರಾತ್ರಿ ಗೊತ್ತಾದ ಹೊತ್ತಿಗೆ ಕಾಲೇಜಿನ ಹೆಬ್ಬಾಗಿಲು ಮುಚ್ಚುತ್ತದೆ. ಊಟವಾದರೋ ಉದ್ದನೆಯ ಮೇಜುಗಳ ಶಾಲೆಯಲ್ಲಿ ಎಲ್ಲರೊಡನೆ. ಕಲ್ಲಿದ್ದಲ ಒಲೆಯ ಮುಂದೆ ಕುಳಿತು, ವಾರಕ್ಕೊಂದು ಪ್ರಬಂಧವನ್ನು ಬರೆದು, ಗುರುವಿನ ಎದುರಿನಲ್ಲಿ ಅದನ್ನು ಸಮರ್ಥಿಸಿಕೊಳ್ಳಬೇಕು. ಊರಿನ ಮಾತನಾಡುವವರು ಬೆರಳೆಣಿಕೆಯಷ್ಟು. ಮನೆಯಿಂದ ಕಾಗದ ಬರಲು ವಾರಗಳು ಬೇಕು. ಇಂಥ ಬಾಳಿನಲ್ಲಿ ಕೆಲವರು ಒಳಗೊಳಗೇ ಮುದುಡುತ್ತಾರೆ, ಕೆಲವರು ಅರಳುತ್ತಾರೆ. ರೆಡ್ಡಿಯವರು ಅರಳಿದವರು. ಇತಿಹಾಸದಲ್ಲಿ ಪ್ರಥಮ ದರ್ಜೆಯನ್ನು ಪಡೆದರು; ಕಾಲೇಜಿನ ಬಹುಮಾನಗಳನ್ನು ಗಳಿಸಿದರು; ಎಲ್ಲಕ್ಕಿಂತ ಮಿಗಿಲಾಗಿ, ಮುಂದೆ ಮಂತ್ರಿಗಳಾಗತಕ್ಕ ಆಂಗ್ಲ ತರುಣರು ವಾಕ್ಪಟುತ್ವವನ್ನು ಸಾಣೆ ಹಿಡಿಯುತ್ತಿದ್ದ ಕೇಂಬ್ರಿಜ್ ಯೂನಿಯನ್ ಎಂಬ ಚರ್ಚಾಸಂಘಕ್ಕೆ ಉಪಾಧ್ಯಕ್ಷರಾಗಿ ಚುನಾಯಿತರಾದರು. ಆಳುವವರ ಮಕ್ಕಳು ಆಳಲ್ಪಡುವ ನಾಡಿನ ಒಬ್ಬ ರೈತವಂಶದ ತರುಣನನ್ನು ಆ ಪೀಠದಲ್ಲಿ ಕೂರಿಸಿದ್ದು ಆ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಹಿಂತಿರುಗಿದ ರೆಡ್ಡಿಯವರು ಮೊದಲು ಸೇರಿದುದು ಬರೋಡಾ ಕಾಲೇಜನ್ನು. ಕೆಲವೇ ವರ್ಷಗಳ ಹಿಂದೆ ಶ್ರೀ ಅರವಿಂದರು ಬಿಟ್ಟುಹೋಗಿದ್ದ ಕಾಲೇಜು ಅದು. ಅಲ್ಲಿಂದ ಮುಂದೆ ಮೈಸೂರು ಅವರನ್ನು ಸೆಳೆಯಿತು. ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಪ್ರಿನ್ಸಿಪಾಲರಾಗಿ ಅವರು ಕೆಲಸ ಮಾಡಿದರು. ತೆಲುಗಿನ ಹೊಸ ವಿಮರ್ಶೆಗೆ ತಳಹದಿಯಾದ ‘ಕವಿತ್ವ ತತ್ತ್ವ ವಿಚಾರಮು’ ಎಂಬ ಅವರ ಗ್ರಂಥವು ಬೆಳಕು ಕಂಡದ್ದು ಈ ಮೈಸೂರಿನ ದಿನಗಳಲ್ಲಿಯೇ. ಪಿಂಗಳಿ ಸೂರನನ ‘ಕಳಾಪೂರ್ಣೋದಯಮು’ವನ್ನು ಎತ್ತಿಕೊಂಡು, ಹಳೆಯ ಪ್ರಬಂಧಕವಿಗಳ ಅತಿಶಯೋಕ್ತಿಗಳನ್ನು ನಿರ್ದಾಕ್ಷಿಣ್ಯವಾಗಿ ತೂಗಿ ನೋಡಿದ ಆ ಪುಸ್ತಕ ತೆಲುಗು ಪಂಡಿತರಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ಗದ್ದಲ ತೆಲುಗು ನಾಡಿನಲ್ಲಿ. ಲೇಖಕರು ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ!

ಮೈಸೂರಿಗೆ ಅವರು ಸಲ್ಲಿಸಿದ ಸೇವೆಯಲ್ಲಿ ಶಿಖರಪ್ರಾಯವಾದುದು ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಸಂಬಂಧಿಸಿದ್ದು. ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬೇಕೆಂಬ ಯೋಚನೆ ಮೂಡಿದಾಗ, ಥಾಮಸ್ ಡೆನ್ಹಾಮ್ ಅವರೂ ರೆಡ್ಡಿಯವರೂ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ವಿಧಾನವನ್ನಲ್ಲದೆ ಅಮೆರಿಕದ ಚಿಕಾಗೊ, ವಿಸ್ಕಾನ್ಸಿನ್ ವಿದ್ಯಾಪೀಠಗಳ ವಿಧಾನವನ್ನೂ ಪರಿಶೀಲಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು ತನ್ನ ರಾಜ್ಯದ ರೈತರ ಹೊಲದವರೆಗೂ ವಿದ್ಯೆಯನ್ನು ಒಯ್ಯುತ್ತಿದ್ದ ಕಾಲ ಅದು. ಈ ಪರಿಶೀಲನೆಯ ಫಲವಾಗಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಕನ್ನಡ ನಾಡಿನ ಮೊದಲ ವಿಶ್ವವಿದ್ಯಾನಿಲಯ ಇದು. ಆದರೆ ಸಂಸ್ಥಾನದ ಎಲ್ಲೆಯಾಚೆಯ ಕನ್ನಡಿಗರು, ಎಂದರೆ ಬಳ್ಳಾರಿಯವರು, ಆದವಾನಿಯವರು, ರಾಯದುರ್ಗ ಮಡಕಶಿರೆಗಳವರು, ಮಂಗಳೂರು ಕಾಸರಗೋಡುಗಳವರು, ಹಿಂದಿನಂತೆಯೇ ಮದರಾಸಿನ ಕಡೆಗೆ ಮುಖಮಾಡಬೇಕಾಗಿತ್ತು ಎಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಅನುಚಿತವಲ್ಲ.

1918ರಿಂದ ಮೂರು ವರ್ಷ ರೆಡ್ಡಿಯವರು ಮೈಸೂರಿನ ವಿದ್ಯಾಭ್ಯಾಸದ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗೂ ಸರ್ಕಾರಿ ಶಾಲೆಗಳ ಬಾಗಿಲು ತೆರೆದಿರಬೇಕೆಂಬ ಪಕ್ಷವನ್ನು ಅವರು ಗಟ್ಟಿಯಾಗಿ ಹಿಡಿದರು. ಆ ಕಾಲದಲ್ಲಿ ಇದಕ್ಕೆ ಬಂದ ವಿರೋಧ ಅಲ್ಪವಾದುದಲ್ಲ. 1921ರಲ್ಲಿ ಕೆಲಸವನ್ನು ಬಿಟ್ಟು ಮದರಾಸಿನ ರಾಜಕಾರಣಕ್ಕಿಳಿದರು. ಜಸ್ಟಿಸ್ ಪಕ್ಷದಿಂದ ಶಾಸನಸಭೆಯನ್ನು ಸೇರಿ, ಅದೇ ಪಕ್ಷದ ಪಾನಗಲ್ ರಾಜರ ಮಂತ್ರಿಮಂಡಲದೊಡನೆ ಭಿನ್ನಾಭಿಪ್ರಾಯ ತಾಳಿ, 1923ರಲ್ಲಿ ಅದರ ಮೇಲೆ ಅವಿಶ್ವಾಸ ಸೂಚನೆಯನ್ನು ತಂದರು. ಸೂಚನೆ ಬಿದ್ದುಹೋಯಿತು, ಆದರೆ ಭಾರತದ ಶಾಸನಸಭೆಗಳಲ್ಲಿ ಇಂಥ ಸೂಚನೆಗಳ ಸಾಲಿನಲ್ಲಿ ಅದು ಮೊದಲನೆಯದೆಂದು ಚರಿತ್ರಕಾರರು ಹೇಳುತ್ತಾರೆ. ರಾಜಕಾರಣ ಅವರಿಗೆ ಒಗ್ಗಿದ ವಸ್ತುವಲ್ಲವೆಂದೇ ನಮ್ಮ ಎಣಿಕೆ. ಅವರ ನಾಲಗೆ ಬಲು ಹರಿತವಾದುದು. ಪಕ್ಷದಲ್ಲಿರುವವನಿಗೆ ಬೇಕಾದ ಮೌನವನ್ನು ಅದು ಕಲಿಯಲಿಲ್ಲ.

ಇನ್ನು ಕಡಲ ತಡಿಯ ಕಥೆ. ತೆಲುಗರಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯ ಬೇಕೆಂಬ ಬಹುಕಾಲದ ಬೇಡಿಕೆ 1926ರಲ್ಲಿ ಕೈಗೂಡಿತು. ಆಂಧ್ರ ವಿಶ್ವವಿದ್ಯಾನಿಲಯಕ್ಕೆ ರೆಡ್ಡಿಯವರೇ ಮೊದಲ ಉಪಕುಲಪತಿಗಳಾದರು. ಕಚೇರಿ ಬೆಜವಾಡೆಯಲ್ಲಿ ಆರಂಭವಾಯಿತು. ಆದರೆ ಶಾಶ್ವತವಾದ ನೆಲೆ ಎಲ್ಲಿ? ಈ ಒಂದು ಪ್ರಶ್ನೆ ವಿಶ್ವವಿದ್ಯಾನಿಲಯದ ಮೊದಲ ವರ್ಷಗಳನ್ನು ನುಂಗಿಹಾಕಿತು. ಬೆಜವಾಡೆಯವರು ತಮ್ಮ ಊರೇ ನಡುಮಧ್ಯವೆಂದರು. ಗೋದಾವರಿಯವರು ರಾಜಮಹೇಂದ್ರಿಯ ಪ್ರಾಚೀನತೆಯನ್ನು ಹೇಳಿದರು. ದತ್ತಮಂಡಲದವರು, ಎಂದರೆ 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕರ್ನೂಲು, ಕಡಪೆಗಳ ಕಡೆಯವರು, ಅನಂತಪುರಕ್ಕೆ ಬರಲೆಂದರು. ಅನಂತಪುರದಲ್ಲಿ ಆಗಲೇ ಒಂದು ಸರ್ಕಾರಿ ಕಾಲೇಜೂ ಇದ್ದಿತು. ಕೊನೆಗೆ ಗೆದ್ದುದು ಇವು ಯಾವುವೂ ಅಲ್ಲ; ತೆಲುಗು ನಾಡಿನ ಈಶಾನ್ಯದ ಮೂಲೆಯಲ್ಲಿದ್ದ ವಿಶಾಖಪಟ್ಟಣದ ವಾಲ್ಟೇರು. ದತ್ತಮಂಡಲದವರ ಅಸಮಾಧಾನಕ್ಕೆ ಮೇರೆಯಿಲ್ಲದಾಯಿತು. ಅವರ ಜಿಲ್ಲೆಗಳು ಆಂಧ್ರ ವಿಶ್ವವಿದ್ಯಾನಿಲಯದ ವ್ಯಾಪ್ತಿಯಿಂದ ಹೊರಬಂದು ಮತ್ತೆ ಮದರಾಸು ವಿಶ್ವವಿದ್ಯಾನಿಲಯವನ್ನೇ ಸೇರಿಕೊಂಡವು.

ನಮ್ಮ ಕಡೆಯ ಹಿರಿಯರು ಈ ಪ್ರಸಂಗವನ್ನು ಬೇರೆ ರೀತಿಯಲ್ಲಿ ನೋಡಿರಬಹುದು. ಗುಂತಕಲ್ಲಿನಲ್ಲಿ ಸಣ್ಣ ರೈಲು ಹತ್ತಿ, ನಂದ್ಯಾಲದ ಕಾಡನ್ನು ದಾಟಿ, ಗುಂಟೂರು ಬೆಜವಾಡೆಗಳನ್ನು ಮುಟ್ಟಿ, ಅಲ್ಲಿ ದೊಡ್ಡ ಹಳಿಯ ರೈಲಿಗೆ ಬದಲಾಗಿ, ಮತ್ತೊಂದು ರಾತ್ರಿ ಪ್ರಯಾಣ ಮಾಡಿದರೆ ವಾಲ್ಟೇರು. ಆದವಾನಿಯ ತಂದೆಗೆ ಮದರಾಸಿನ ಮೇಲ್ ಗಾಡಿಯೇ ಸುಲಭವಾಗಿ ಕಂಡದ್ದರಲ್ಲಿ ಆಶ್ಚರ್ಯವೇನು? ರೆಡ್ಡಿಯವರ ಪಕ್ಷದಲ್ಲಿಯೂ ನ್ಯಾಯವಿಲ್ಲದಿರಲಿಲ್ಲ. ಊರಿನ ಗಲಾಟೆಯಿಂದ ದೂರವಾಗಿ ಗುರುಶಿಷ್ಯರು ಒಟ್ಟಿಗೆ ವಾಸಿಸಬಲ್ಲ, ಬೆಳೆಯಲು ಬೇಕಾದಷ್ಟು ಜಾಗವಿರುವ ಸ್ಥಳ ಬೇಕಾಗಿತ್ತು. ವಾಲ್ಟೇರಿನ ದಿಬ್ಬದಲ್ಲಿ ಅದು ಇದ್ದಿತು. ಮಗ್ಗುಲಲ್ಲೇ ಹೊಸ ಬಂದರು ಸಿದ್ಧವಾಗುತ್ತಿತ್ತು. ಆದರೂ ಒಂದು ಭಾಷೆಯ ಜನರನ್ನೆಲ್ಲ ಒಟ್ಟುಗೂಡಿಸಲೆಂದು ಹುಟ್ಟಿದ ವಿದ್ಯಾಪೀಠವು ಹುಟ್ಟಿದೊಡನೆಯೇ ಅವರಲ್ಲಿ ಒಂದು ಪಾಲನ್ನು ಕಳೆದುಕೊಂಡಿತೆಂಬುದು ದಿಟ. 1937ರಲ್ಲಿ ಕರಾವಳಿಯ ಮತ್ತು ರಾಯಲಸೀಮೆಯ ಮುಖಂಡರು ಮದರಾಸಿನ ಶ್ರೀಬಾಗ್ ಮನೆಯಲ್ಲಿ ಒಡಂಬಡಿಕೆ ಮಾಡಿಕೊಂಡಾಗ, ಅನಂತಪುರದಲ್ಲಿಯೂ ಒಂದು ವಿಶ್ವವಿದ್ಯಾನಿಲಯ ಕೇಂದ್ರ ಬೇಕೆಂಬುದು ಅದರ ಷರತ್ತುಗಳಲ್ಲಿ ಒಂದಾಯಿತು. ಗಾಯ ಅಷ್ಟು ಕಾಲ ಮಾಗದೆ ಉಳಿದಿತ್ತು.

1930ರಲ್ಲಿ ವಿಶ್ವವಿದ್ಯಾನಿಲಯ ವಾಲ್ಟೇರಿಗೆ ಬಂದಿತು. ಅದೇ ವರ್ಷ ಉಪ್ಪಿನ ಸತ್ಯಾಗ್ರಹ. ಸತ್ಯಾಗ್ರಹಿಗಳನ್ನು ಸರ್ಕಾರ ದಮನ ಮಾಡುತ್ತಿದ್ದ ರೀತಿಯನ್ನು ಪ್ರತಿಭಟಿಸಿ ರೆಡ್ಡಿಯವರು ಉಪಕುಲಪತಿ ಪದವಿಗೆ ರಾಜೀನಾಮೆಯಿತ್ತರು. ಇಷ್ಟು ಜಗಳಾಡಿ ದೊರಕಿಸಿದ ನೆಲದ ಮೇಲೆ ಇನ್ನೂ ಕಟ್ಟಡಗಳೇಳುವ ಮೊದಲೇ ಅದನ್ನು ಬಿಟ್ಟು ನಡೆದರು. ಅವರು ಕಾಂಗ್ರೆಸಿನಲ್ಲಿ ಬೆಳೆದವರಲ್ಲ. ಗಾಂಧೀಜಿಯವರ ಮಾರ್ಗವನ್ನು ಪೂರ್ತಿಯಾಗಿ ಒಪ್ಪಿದವರೂ ಅಲ್ಲ. ಅಂಥವರು ಕೊಟ್ಟ ರಾಜೀನಾಮೆಗೆ ಬೆಲೆ ಹೆಚ್ಚು.

ಅವರ ಸ್ಥಾನಕ್ಕೆ 1931ರಲ್ಲಿ ಬಂದವರು ಡಾಕ್ಟರ್ ರಾಧಾಕೃಷ್ಣನ್. ಇವರೂ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದವರೇ. ವಾಲ್ಟೇರಿನಲ್ಲಿ ಆನರ್ಸ್ ಮತ್ತು ಸ್ನಾತಕೋತ್ತರ ತರಗತಿಗಳು ಅವರ ಕಾಲದಲ್ಲಿ ತೊಡಗಿದವು. ಜೇಪುರದ ಮಹಾರಾಜ ವಿಕ್ರಮದೇವ ವರ್ಮರು ವರ್ಷಕ್ಕೆ 1 ಲಕ್ಷ ರೂಪಾಯಿಗಳ ದಾನವನ್ನಿತ್ತುದರಿಂದ ವಿಜ್ಞಾನದ ಕಾಲೇಜು ಎದ್ದು ನಿಂತಿತು. ರಸಾಯನ ಶಾಸ್ತ್ರಕ್ಕೆ ಟಿ. ಆರ್. ಶೇಷಾದ್ರಿಯವರು, ಭೌತಶಾಸ್ತ್ರಕ್ಕೆ ಎಸ್. ಭಗವಂತಂ ಅವರು ಬಂದರು. ವಂಗದೇಶದಿಂದ ಹುಮಾಯೂನ್ ಕಬೀರ್, ಹೀರೇಂದ್ರನಾಥ ಮುಖರ್ಜಿ ಮೊದಲಾದ ತರುಣ ಅಧ್ಯಾಪಕರು ಬಂದು ಕೆಲಕಾಲ ಪಾಠ ಹೇಳಿದರು. 1933ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದು ಉಪನ್ಯಾಸಮಾಲೆಯನ್ನು ನಡೆಸಿಕೊಟ್ಟರು. ಹತ್ತು ವರ್ಷಗಳ ಹಿಂದೆ ಬರಿಯ ತಾಳೆಮರಗಳಿದ್ದ ದಿಬ್ಬ ಇದೆಂದು ನೆನೆದರೆ ಸೋಜಿಗವಾಗುತ್ತದೆ.

1936ರಲ್ಲಿ ರಾಧಾಕೃಷ್ಣನ್ನರು ಆಕ್ಸ್‌ಫರ್ಡಿಗೆ ಹೊರಟಾಗ ರೆಡ್ಡಿಯವರು ಮತ್ತೆ ಉಪಕುಲಪತಿಗಳಾಗಿ ಚುನಾಯಿತರಾಗಿ, 1949ರವರೆಗೆ ಹದಿಮೂರು ವರ್ಷ ಆ ಪದವಿಯಲ್ಲಿದ್ದರು. ಅವರು ವಿವಾಹವಾಗಲಿಲ್ಲ, ವಿದ್ಯಾಪೀಠವೇ ಅವರ ಸಂಸಾರವೆಂದರೆ ಉಪಚಾರದ ಮಾತಾಗದು. ಅಲ್ಲಿನ ವಿದ್ಯಾರ್ಥಿಯ ದಿನಚರಿ ಒಳನಾಡಿನ ಕಾಲೇಜುಗಳದರಂತಲ್ಲ. ವಸತಿಗೃಹದ ಕಿಟಕಿಯನ್ನು ತೆರೆದರೆ ಉಪ್ಪುಗಾಳಿ. ಪುಸ್ತಕದ ರಟ್ಟು ಬೂಷ್ಟು ಹಿಡಿಯುತ್ತದೆ, ಪ್ರಯೋಗಶಾಲೆಯ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸಂಜೆಗೆ ಪುಸ್ತಕ ಮುಚ್ಚಿ ಇಳಿಜಾರಿನಲ್ಲಿ ನಡೆದರೆ ಮರಳು, ದಕ್ಷಿಣಕ್ಕೆ ಡಾಲ್ಫಿನ್ ಮೂಗಿನಂತೆ ಕಡಲಿಗೆ ಚಾಚಿದ ಬೆಟ್ಟ, ಬೆಸ್ತರ ದೋಣಿಗಳು, ಬಂದರಿನತ್ತ ಸಾಗುವ ಹಡಗುಗಳು. ಅಕ್ಟೋಬರ್ ನವೆಂಬರ್‌ಗಳಲ್ಲಿ ಚಂಡಮಾರುತದ ಭಯ. ಮಳೆಗಾಗಿ ಆಕಾಶ ನೋಡುವ ನಮ್ಮ ಸೀಮೆಯ ಹುಡುಗನಿಗೆ ಇದು ಬೇರೆಯೇ ಲೋಕ.

ಅಂಥ ಒಬ್ಬ ವಿದ್ಯಾರ್ಥಿಯ ಹೆಸರನ್ನು ಇಲ್ಲಿ ಹೇಳಲೇಬೇಕು. ನಮ್ಮ ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಒಂದು ತೆಲುಗು ಮನೆಯಲ್ಲಿ ಹುಟ್ಟಿದ ಕಲ್ಯಂಪೂಡಿ ರಾಧಾಕೃಷ್ಣ ರಾವ್ ಅವರು ರೆಡ್ಡಿಯವರ ಈ ಎರಡನೆಯ ಅವಧಿಯಲ್ಲಿ ವಾಲ್ಟೇರಿನಲ್ಲಿ ಗಣಿತದ ಉನ್ನತ ಪದವಿಯನ್ನು ಪಡೆದು, ಕಲ್ಕತ್ತೆಗೆ ಹೋಗಿ, ಅಲ್ಲಿಂದ ಕೇಂಬ್ರಿಜ್ ತಲಪಿ, ಸಂಖ್ಯಾಶಾಸ್ತ್ರದಲ್ಲಿ ಜಗತ್ತಿಗೇ ಹಿರಿಯರೆನಿಸಿ, 2023ರಲ್ಲಿ ನೂರೆರಡು ವರ್ಷಗಳ ಬಾಳನ್ನು ಮುಗಿಸಿದರು. ಉಪಕುಲಪತಿಗಳು ನಾಲ್ಕು ದಶಕಗಳ ಹಿಂದೆ ಹೋದ ಕೇಂಬ್ರಿಜ್‌ಗೆ ಅವರ ವಿದ್ಯಾಪೀಠದ ತರುಣನು ಹೋದದ್ದು ಕಡಲ ತಡಿಯ ಈ ಮೆಟ್ಟಿಲಿನಿಂದ.

ಯುದ್ಧ ಬಂದಾಗ ಕಡಲೇ ಅಪಾಯದ ಬಾಗಿಲಾಯಿತು. 1942ರ ಏಪ್ರಿಲ್ 6ರಂದು ಜಪಾನೀಯರ ವಿಮಾನಗಳು ವಿಶಾಖಪಟ್ಟಣದ ಬಂದರಿನ ಮೇಲೆ ಬಾಂಬು ಸುರಿದವು. ಜನ ಗುಂಪುಗುಂಪಾಗಿ ಊರು ಬಿಟ್ಟರು. ವಿಶ್ವವಿದ್ಯಾನಿಲಯವೂ ಗುಂಟೂರಿಗೆ ಗುಳೆ ಹೊರಟಿತು. ಪ್ರಯೋಗಶಾಲೆಯ ಸೂಕ್ಷ್ಮ ಉಪಕರಣಗಳನ್ನೂ ಗ್ರಂಥಗಳನ್ನೂ ಕಟ್ಟಿ ಸಾಗಿಸಿ, ಬೇರೆ ಊರಿನಲ್ಲಿ ಸಂಶೋಧನೆಯ ಎಳೆ ಕಡಿಯದಂತೆ ನೋಡಿಕೊಳ್ಳುವುದು ಅರವತ್ತು ದಾಟಿದ ರೆಡ್ಡಿಯವರಿಗೆ ಎಂಥ ಹೊರೆಯಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಮದುವೆಯ ಚಪ್ಪರವನ್ನು ಕಿತ್ತು ಬೇರೆಡೆ ಹಾಕುವುದೇ ಕಷ್ಟ, ಇದು ವಿದ್ಯಾಪೀಠ. ಯುದ್ಧ ಮುಗಿದ ಮೇಲೆ ಎಲ್ಲವೂ ವಾಲ್ಟೇರಿನ ದಿಬ್ಬಕ್ಕೆ ಮರಳಿತು.

1949ರಲ್ಲಿ ರೆಡ್ಡಿಯವರು ಆಂಧ್ರ ವಿಶ್ವವಿದ್ಯಾನಿಲಯವನ್ನು ಬಿಟ್ಟರು. ಆಗ ಅವರನ್ನು ಮತ್ತೆ ಕರೆದದ್ದು ಮೈಸೂರು. ತಾವು ತರುಣರಾಗಿದ್ದಾಗ ಕಟ್ಟಲು ನೆರವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಅವರು ಪ್ರೊ-ಛಾನ್ಸಲರ್ ಆದರು. 1951ರ ಫೆಬ್ರವರಿ 24ರಂದು ತೀರಿಕೊಂಡರು.

ಅವರು ಕಾಲವಾದ ಮರುವರ್ಷ, 1952ರಲ್ಲಿ, ಅಮೆರಿಕದ ಸಾಗರವಿಜ್ಞಾನಿ ಯೂಜೀನ್ ಲಫಾಂಡ್ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ವಾಲ್ಟೇರಿಗೆ ಬಂದು, ವಿದ್ಯಾರ್ಥಿಗಳನ್ನು ಹಡಗಿನಲ್ಲಿ ಕರೆದೊಯ್ದು ವಂಗಸಮುದ್ರದ ಆಳ, ಉಷ್ಣ, ಪ್ರವಾಹಗಳನ್ನು ಅಳೆಯಲು ಕಲಿಸಿದರು. ಅಷ್ಟು ಕಾಲ ಕಿಟಕಿಯಾಚೆಯ ನೋಟವಾಗಿದ್ದ ಕಡಲು ಅಂದಿನಿಂದ ಪಾಠದ ವಸ್ತುವಾಯಿತು. ಇಂದು ಏಷ್ಯ ಆಫ್ರಿಕಗಳ ಹಲವು ದೇಶಗಳ ವಿದ್ಯಾರ್ಥಿಗಳು ಆ ದಿಬ್ಬದ ಮೇಲೆ ಉನ್ನತ ತರಗತಿಗಳಲ್ಲಿ ಓದುತ್ತಿದ್ದಾರೆ. ಅನಂತಪುರದವರ ಹಳೆಯ ಬೇಡಿಕೆಗೆ 1981ರಲ್ಲಿ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯದ ರೂಪದಲ್ಲಿ ಉತ್ತರ ದೊರೆಯಿತು. ಮುಸಲಮ್ಮನ ಕೆರೆಗೆ ಅದು ದೂರವಲ್ಲ. ವಾಲ್ಟೇರಿನಲ್ಲಿ ಪದವೀದಾನ ನಡೆಯುವ ಸಭಾಭವನಕ್ಕೆ ರೆಡ್ಡಿಯವರ ಹೆಸರನ್ನಿಟ್ಟಿದ್ದಾರೆ.